ಮಾಂಸದ ಕೊರಡಿನ ಮೇಲೆ ನುಗ್ಗೆಸೊಪ್ಪು

ಮಾಂಸ ಕೊಳ್ಳಲು ಬರುವ ಹೆಂಗಸರ ಬಗ್ಗೆ ನನ್ನನ್ನು ಕೇಳಿದರೆ ಇಡೀ ದಿನ ಮಾತಾಡಬಲ್ಲೆ. ಕೆಲವರು ಬೆರಳಿನಿಂದ ಒತ್ತಿ ನೋಡುತ್ತಾರೆ, ಕೆಲವರು ಮೂಸುತ್ತಾರೆ, ಕೆಲವರು ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯುವುದೇ ಇಲ್ಲ. ಮೂಳೆ ಜಾಸ್ತಿಯಾಯಿತೆಂದು ಜಗಳಕ್ಕೆ ಬರುವವರೇ, ಮೂಳೆ ಕಡಿಮೆಯಾದ ದಿನ ಸಾರಿಗೆ ರುಚಿ ಇಲ್ಲವೆಂದು ಬೈಯುತ್ತಾರೆ. ನನ್ನ ತಂದೆಯ ಕಾಲದಿಂದ ಇಂಥವರನ್ನು ನೋಡುತ್ತಾ ಬಂದಿದ್ದೇನೆ. ಆದರೆ ಸೊಪ್ಪಿನ ಕಟ್ಟು ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದವರು ಒಬ್ಬರೇ.

ಕಳೆದ ತಿಂಗಳು ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಮಾಂಸ ಕೊಚ್ಚುವ ಕೊರಡಿನ ಮುಂದೆಯೇ ನಿಂತಿದ್ದೆ. ಬಹಳ ದುಃಖವಾಯಿತು, ಅದನ್ನು ಸುತ್ತಿ ಬಳಸಿ ಹೇಳಬೇಕಾದ್ದಿಲ್ಲ. ನನ್ನ ತಾಯಿ ಹೋದ ಮೇಲೆ ಗಿರಾಕಿಗಳ ಎದುರಿಗೆ ನನ್ನನ್ನು ಗದರಿಸುವ ಅಧಿಕಾರ ಇಟ್ಟುಕೊಂಡಿದ್ದ ಹೆಂಗಸು ಅವರೊಬ್ಬರೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರೆತ್ತಿ ಹೊಗಳಿ ಭಾಷಣ ಮಾಡುವವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. ಈ ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ವಾಡಿಕೆ. ನಮಗೂ ಅವರು ಬಾಯಮ್ಮನೇ. ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ನಲವತ್ತು ದಾಟಿದ ಮೇಲೆ ಹೆಣ್ಣುಮಕ್ಕಳ ಒಂದು ಬೋರ್ಡಿಂಗಿಗೆ ಮೇಟ್ರನ್ ಆಗಿ ಬಂದವರು. ಮದುವೆಯಾಗಿರಲಿಲ್ಲ. ಎತ್ತರದ ಆಳು, ಬಿಳಿ ಸೀರೆ, ಕಾಲಿಗೆ ಗಂಡಸರು ಹಾಕುವಂಥ ದಪ್ಪ ಚಪ್ಪಲಿ. ಅವರ ಮನೆಮಾತು ಕೊಂಕಣಿ, ನನ್ನದು ಬ್ಯಾರಿ. ನಮ್ಮಿಬ್ಬರ ಮಾತು ನಡೆಯುತ್ತಿದ್ದುದು ಅರ್ಧ ತುಳುವಿನಲ್ಲಿ, ಅರ್ಧ ಕನ್ನಡದಲ್ಲಿ. ಬೈಗುಳ ಮಾತ್ರ ಪೂರ್ತಿ ತುಳುವಿನಲ್ಲಿ.

ನಮ್ಮ ಅಂಗಡಿ ಕುದ್ರೋಳಿಗೆ ಹೋಗುವ ದಾರಿಯಲ್ಲಿ. ತಂದೆಗೆ ಮಂಡಿನೋವು ಹಿಡಿದ ಮೇಲೆ ಕತ್ತಿ ನನ್ನ ಕೈಗೆ ಬಂತು. ತಂದೆ ಬೆಂಚಿನ ಮೇಲೆ ಕೂತು ಗಿರಾಕಿಗಳ ಕ್ಷೇಮ ವಿಚಾರಿಸುತ್ತಿದ್ದರು. ಬೋರ್ಡಿಂಗ್ ಅಂದರೆ ನಮಗೆ ದೊಡ್ಡ ಗಿರಾಕಿ. ಪ್ರತಿ ಶನಿವಾರ ಸಂಜೆ ಅಲ್ಲಿನ ಆಳು ಬಂದು ಭಾನುವಾರದ ಊಟಕ್ಕೆ ಆಡಿನ ಮಾಂಸ ಒಯ್ಯುತ್ತಿದ್ದ. ಯಾವಾಗಲೂ ಎರಡು ಪೊಟ್ಟಣ. ತೇಗದ ಎಲೆಯಲ್ಲಿ ಕಟ್ಟಿದ ಸಣ್ಣ ಪೊಟ್ಟಣದಲ್ಲಿ ತೊಡೆಯ ಒಳ್ಳೆಯ ಮಾಂಸ; ಅದು 'ಮೇಲಿನ ಮೇಜಿಗೆ', ಅಂದರೆ ಅಲ್ಲೇ ವಾಸವಾಗಿದ್ದ ಟೀಚರುಗಳಿಗೆ. ದೊಡ್ಡ ಪೊಟ್ಟಣದಲ್ಲಿ ಕುತ್ತಿಗೆ, ಪಕ್ಕೆಲುಬು, ಮೂಳೆ. ಅದು ಮಕ್ಕಳ ಸಾರಿಗೆ. ಯಾರು ಈ ಪದ್ಧತಿ ಹಾಕಿದರೋ ಗೊತ್ತಿಲ್ಲ. ಕೇಳುವ ಕೆಲಸ ನಮ್ಮದಲ್ಲ ಎಂದುಕೊಂಡು ಕಟ್ಟಿ ಕೊಡುತ್ತಿದ್ದೆವು.

ಒಂದು ಶನಿವಾರ ಆಳಿನ ಬದಲು ಬಾಯಮ್ಮ ತಾವೇ ಬಂದರು. ನಾನು ಎರಡು ಪೊಟ್ಟಣ ಮುಂದಿಟ್ಟೆ. ಅವರು ನಿಂತಲ್ಲೇ ಎರಡರ ಎಲೆಯನ್ನೂ ಬಿಚ್ಚಿ, ಒಂದರ ಪಕ್ಕ ಒಂದನ್ನಿಟ್ಟು ನೋಡಿದರು.

"ಇದೆಂತ ಎರಡು?"

"ಒಂದು ಟೀಚರುಗಳಿಗೆ, ಒಂದು ಮಕ್ಕಳಿಗೆ. ಮೊದಲಿನಿಂದ ಹಾಗೆಯೇ ಬಾಯಮ್ಮ."

"ಎರಡನ್ನೂ ಸೇರಿಸು."

"ಸೇರಿಸಿದರೆ ಟೀಚರುಗಳು ಎಂತ ತಿನ್ನುದು?"

"ಮಕ್ಕಳು ತಿಂದದ್ದನ್ನೇ. ಅವರಿಗೆ ಬೇರೆ ಹೊಟ್ಟೆ ಉಂಟಾ?"

ಬೆಂಚಿನ ಮೇಲಿದ್ದ ನನ್ನ ತಂದೆ ನಕ್ಕುಬಿಟ್ಟರು. ನಾನು ಎರಡನ್ನೂ ಸೇರಿಸಿ ಒಂದೇ ಪೊಟ್ಟಣ ಕಟ್ಟಿದೆ. ಅವತ್ತಿನಿಂದ ಬೋರ್ಡಿಂಗಿನ ಮೇಲಿನ ಮೇಜಿನಲ್ಲಿ ಬಾಯಮ್ಮನಿಗೆ ಶತ್ರುಗಳು ಹುಟ್ಟಿಕೊಂಡರು ಎಂಬುದು ನನಗೆ ಆಮೇಲೆ ತಿಳಿಯಿತು.

ಸೇರಿಸಿದರೂ ಮಾಂಸ ಸಾಲಲಿಲ್ಲ. ಎಲ್ಲಿಂದ ಸಾಲಬೇಕು? ಮಕ್ಕಳ ಸಂಖ್ಯೆ ದೊಡ್ಡದು, ಮಾಂಸದ ಬೆಲೆ ಏರುತ್ತಲೇ ಇತ್ತು. ಮಳೆಗಾಲದಲ್ಲಂತೂ ಬೆಂಗ್ರೆಯ ಮೀನುಗಾರರ ದೋಣಿಗಳು ದಡಕ್ಕೆ ಬಿದ್ದು ಮೀನು ಕಾಣದಂತಾದರೆ ಊರಿಗೆ ಊರೇ ನಮ್ಮ ಅಂಗಡಿಯ ಕಡೆ ತಿರುಗುತ್ತಿತ್ತು. ಬೋರ್ಡಿಂಗಿನ ಆಡಳಿತದವರು ಭಾನುವಾರದ ಮಾಂಸವನ್ನೇ ನಿಲ್ಲಿಸುವ ಮಾತಾಡತೊಡಗಿದ್ದರು. ನಾಲ್ಕು ಟೀಚರುಗಳಿಗೆ ಮಾತ್ರ ತರಿಸಿದರೆ ಖರ್ಚು ಉಳಿಯುತ್ತದೆ, ಮಕ್ಕಳಿಗೆ ಬೇಳೆ ಸಾಕು ಎಂದು ಲೆಕ್ಕದ ಟೀಚರ್ ಸಲಹೆ ಕೊಟ್ಟಿದ್ದರಂತೆ. ಈ ಲೆಕ್ಕದ ಟೀಚರ್ ಮೇಲಿನ ಮೇಜಿನಲ್ಲಿ ಎಲ್ಲರಿಗಿಂತ ಹಿರಿಯರು, ಬಹಳ ದೈವಭಕ್ತೆ. ಬಾಯಮ್ಮನಿಗೂ ಅವರಿಗೂ ಎಣ್ಣೆ ಸೀಗೆಕಾಯಿ.

ಈ ಮಾತು ಎದ್ದ ಮೇಲೆ ಒಂದು ಶನಿವಾರ ಬಾಯಮ್ಮ ಚೀಲದಿಂದ ಒಂದು ದೊಡ್ಡ ಒದ್ದೆ ಗಂಟು ತೆಗೆದು ನನ್ನ ಕೊರಡಿನ ಮೇಲೆ ಇಟ್ಟರು. ಹುಣಸೆಮರದ ಕೊರಡು ಅದು, ನನ್ನ ಅಜ್ಜನ ಕಾಲದ್ದು. ಗಂಟು ಬಿಚ್ಚಿದರೆ ಒಳಗೆ ನುಗ್ಗೆಸೊಪ್ಪು. ಉಪ್ಪುನೀರಲ್ಲಿ ಒಂದು ಕುದಿ ಬರಿಸಿ, ನೀರು ಹಿಂಡಿ ತೆಗೆದದ್ದು.

"ಮಾಂಸದ ಒಟ್ಟಿಗೆ ಹಾಕಿ ಕೈಮ ಮಾಡು. ಮಕ್ಕಳಿಗೆ ಕಟ್ಲೆಟ್ ಮಾಡಲಿಕ್ಕೆ. ಸಣ್ಣ ಆಗ್ಬೇಕು."

ನನಗೆ ರೇಗಿತು. "ಬಾಯಮ್ಮ, ಇದು ಮಾಂಸ ಕೊಚ್ಚುವ ಕೊರಡು. ಸೊಪ್ಪು ಮನೆಯಲ್ಲಿ ಕೊಚ್ಚಿಕೊಳ್ಳಿ, ಮತ್ತೆ ಬೆರೆಸಿಕೊಳ್ಳಿ. ಇಲ್ಲಿ ನೋಡಿದವರು ಎಂತ ಹೇಳ್ತಾರೆ?"

"ಮತ್ತೆ ಬೆರೆಸಿದರೆ ಆಗುದಿಲ್ಲ ಮಾರಾಯ. ಮಾಡಿ ನೋಡಿದ್ದೇನೆ. ಮಾಂಸ ಒಂದು ಕಡೆ, ಸೊಪ್ಪು ಒಂದು ಕಡೆ ನಿಲ್ತದೆ. ಅರೆಯುವ ಕಲ್ಲಿಗೆ ಹಾಕಿದರೆ ಚಟ್ನಿ ಆಗ್ತದೆ. ಒಟ್ಟಿಗೆ ಕೊಚ್ಚಬೇಕು, ಕೊಬ್ಬು ಸೊಪ್ಪಿಗೆ ಹತ್ತಬೇಕು. ಅದಕ್ಕೆ ನಿನ್ನ ಕತ್ತಿಯೇ ಬೇಕು."

ನಾನು ತಂದೆಯ ಮುಖ ನೋಡಿದೆ. ಅವರಾದರೂ ಆಗದು ಎನ್ನುತ್ತಾರೆಂದು ಕಾದೆ. ಅವರು ತಣ್ಣಗೆ, "ಕೊಚ್ಚಿ ಕೊಡು. ಕೊರಡು ತೊಳೆದರೆ ಆಯ್ತು" ಎಂದರು. ಕೊಚ್ಚಿದೆ. ಹಲ್ಲು ಕಚ್ಚಿಕೊಂಡು ಕೊಚ್ಚಿದೆ. ಅಂಗಡಿಯ ಮುಂದೆ ನಿಂತಿದ್ದವರೆಲ್ಲ ನೋಡಿ ನಕ್ಕರು. ಒಬ್ಬನಂತೂ, "ಎಂತ ಬ್ಯಾರಿ, ನಾಳೆಯಿಂದ ತರಕಾರಿ ಅಂಗಡಿಯಾ?" ಎಂದು ಕೇಳಿದ. ಬಾಯಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕತ್ತಿಯ ಮೇಲೆಯೇ ಕಣ್ಣಿಟ್ಟು, "ಇನ್ನೂ ಸಣ್ಣ" ಎಂದು ಮೂರು ಸಲ ಹೇಳಿದರು. ಮಾಂಸದ ಹೊರಗೆ ಎಲೆ ಸುತ್ತುವ ಕಸುಬು ನಮ್ಮದು. ಒಳಗೂ ಎಲೆ ಹಾಕಿಸಿಕೊಂಡು ಹೋದ ಪುಣ್ಯಾತ್ಗಿತ್ತಿ ಅವರು.

ನಾಲ್ಕಾರು ವಾರ ಕಳೆಯುವಷ್ಟರಲ್ಲಿ ಅದು ಅಭ್ಯಾಸವಾಯಿತು. ಸೊಪ್ಪಿನ ಮೇಲೆ ಕತ್ತಿ ಹೇಗೆ ಆಡಿಸಬೇಕು, ಕೊಬ್ಬನ್ನು ಯಾವಾಗ ಸೇರಿಸಬೇಕು ಎಂಬುದು ನನಗೂ ಹತ್ತಿತು. ಬೋರ್ಡಿಂಗಿನ ಕಂಪೌಂಡಿನ ಸುತ್ತ ಅವರು ನುಗ್ಗೆಯ ಕೊಂಬೆ ನೆಡಿಸಿದ್ದರು. ಸಂಜೆ ಹೊತ್ತು ಮಕ್ಕಳು ಜಗಲಿಯಲ್ಲಿ ಕೂತು ಪದ ಹೇಳಿಕೊಂಡು ಕಡ್ಡಿಯಿಂದ ಸೊಪ್ಪು ಬಿಡಿಸುತ್ತಿದ್ದರಂತೆ. ಮಳೆ ಜೋರಾಗಿ ಹಿಡಿಯುವ ಆಟಿ ತಿಂಗಳಲ್ಲಿ ನುಗ್ಗೆಸೊಪ್ಪು ತಿನ್ನಬಾರದೆಂದು ನಮ್ಮ ಕಡೆ ಹೇಳುತ್ತಾರೆ. ಬಾಯಮ್ಮ ಅದಕ್ಕೆ ವಾದ ಮಾಡಲಿಲ್ಲ. ಆಗ ರಸ್ತೆ ಬದಿಯಲ್ಲಿ ತಾನಾಗಿ ಹುಟ್ಟುವ ತಜಂಕ್ ಸೊಪ್ಪು ತರುತ್ತಿದ್ದರು, ಹಿತ್ತಿಲ ಹರಿವೆ ತರುತ್ತಿದ್ದರು. ಒಮ್ಮೆ ಕೆಸುವಿನ ಎಲೆ ತಂದು ನನ್ನ ಕೈಯೆಲ್ಲ ತುರಿಸುವಂತೆ ಮಾಡಿದರು. ಮರುವಾರ ಬಂದಾಗ ಒಂದು ತುಂಡು ಹುಣಸೆಹುಳಿ ಕೊಟ್ಟು, "ಕೈಗೆ ಉಜ್ಜು. ತುರಿಕೆಗೆ ಸಾಯುದಿಲ್ಲ" ಎಂದರು. ಅವರ ಕ್ಷಮಾಪಣೆ ಇಷ್ಟೇ ಇರುತ್ತಿತ್ತು.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಯಾರೇ ಎದುರಿಗೆ ನಿಂತರೂ ಹೆಬ್ಬೆರಳಿನಿಂದ ಅವರ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಒಳಗಿನ ಬಣ್ಣ ನೋಡುವುದು. ಆಸ್ಪತ್ರೆಯಿಂದ ಬಂದ ಅಭ್ಯಾಸ. ಬೋರ್ಡಿಂಗಿಗೆ ಬಂದ ದಿನವೇ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದ್ದರಂತೆ. "ಒಂದರ ಕಣ್ಣೂ ಕೆಂಪಿಲ್ಲ. ಎಲ್ಲ ಸುಣ್ಣ ಹೊಡೆದ ಗೋಡೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡ್ತಾವೆ. ಇವಕ್ಕೆ ಪಾಠ ಹೇಗೆ ತಲೆಗೆ ಹೋಗುದು?" ಎಂದು ನನ್ನ ತಂದೆಯ ಹತ್ತಿರ ಹೇಳಿಕೊಂಡಿದ್ದರು. ಅವರ ಹಟದ ಬೇರು ಅಲ್ಲಿತ್ತು. ಸೊಪ್ಪು ಮಾಂಸವನ್ನು ಹಿಗ್ಗಿಸುತ್ತದೆ ಎಂಬುದು ಅರ್ಧ ಮಾತು. ಸೊಪ್ಪಿನಲ್ಲೇ ರಕ್ತಕ್ಕೆ ಬೇಕಾದ್ದು ಉಂಟು, ಬರೀ ಸೊಪ್ಪು ಕೊಟ್ಟರೆ ಮಕ್ಕಳು ಮುಟ್ಟುವುದಿಲ್ಲ, ಮಾಂಸದ ರುಚಿ ಹತ್ತಿಸಿ ಕೊಟ್ಟರೆ ತಟ್ಟೆ ನೆಕ್ಕುತ್ತಾರೆ ಎಂಬುದು ಉಳಿದರ್ಧ.

ಒಂದು ದಿನ ನನ್ನ ರೆಪ್ಪೆಯನ್ನೂ ಎಳೆದರು. ಅಂಗಡಿ ತುಂಬ ಜನ. "ಮಾಂಸ ಮಾರುವವನಿಗೇ ರಕ್ತ ಇಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಗಂಟಿನಿಂದ ಎರಡು ಹಿಡಿ ಸೊಪ್ಪು ತೆಗೆದಿಟ್ಟು, "ನಿನ್ನ ಹೆಂಡತಿಗೆ ಕೊಡು" ಎಂದರು. ಮನೆಗೆ ಒಯ್ದೆ. ಹೆಂಡತಿ ನನ್ನನ್ನೂ ಸೊಪ್ಪನ್ನೂ ಒಮ್ಮೆ ನೋಡಿ, "ಇಷ್ಟು ದಿನ ನಾನು ಹೇಳಿದರೆ ಸೊಪ್ಪು ದನಕ್ಕೆ ಅಂತಿದ್ದಿರಿ. ಈಗ ಬಾಯಮ್ಮ ಹೇಳಿದರೆ ಔಷಧಿಯಾ?" ಎಂದಳು. ಆದರೂ ಕೈಮದ ಜೊತೆ ಹಾಕಿದಳು. ಅಂದಿನಿಂದ ನಮ್ಮ ಮನೆಯಲ್ಲೂ ಅದು ನಡೆಯುತ್ತಿದೆ. ಹೇಳಿಕೊಳ್ಳಲು ನನಗೆ ಸ್ವಲ್ಪ ಸಂಕೋಚವಿತ್ತು, ಈಗಿಲ್ಲ.

ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಬೇರೊಂದು ವಿಷಯಕ್ಕೆ. ಊಟದ ಕೋಣೆಯಲ್ಲಿ ಒಂದು ಕರಿಹಲಗೆ ತೂಗುಹಾಕಿ, ಪ್ರತಿ ಭಾನುವಾರ ಅದರ ಮೇಲೆ ಕಟ್ಲೆಟ್ಟಿನಲ್ಲಿ ಎಂತ ಉಂಟು ಎಂದು ಬರೆಸುತ್ತಿದ್ದರು. ಮಾಂಸ ಅರ್ಧ, ನುಗ್ಗೆಸೊಪ್ಪು ಅರ್ಧ. ಮುಂದೆ ಮಾಂಸ ಕಾಲು, ಸೊಪ್ಪು ಮುಕ್ಕಾಲು. ನಾನು ಕೇಳಿ ತಲೆ ಚಚ್ಚಿಕೊಂಡೆ.

"ಹಾಲಿಗೆ ನೀರು ಹಾಕುವವನು ಬೋರ್ಡು ಹಾಕ್ತಾನಾ ಬಾಯಮ್ಮ? ಸುಮ್ಮನೆ ಕೊಟ್ಟರೆ ಯಾರಿಗೂ ಗೊತ್ತಾಗುದಿಲ್ಲ. ಅಷ್ಟು ಸಣ್ಣ ಕೊಚ್ಚಿದ್ದೇನೆ ನಾನು."

"ಗೊತ್ತಾಗುದಿಲ್ಲ ಅಂತಲೇ ಬರೆಯುದು" ಎಂದರು. "ನಾನು ಮಕ್ಕಳಿಗೆ ಮೋಸ ಮಾಡಲಿಕ್ಕೆ ಬಂದದ್ದಲ್ಲ. ನಾಳೆ ಇವರು ಮದುವೆಯಾಗಿ ಹೋಗ್ತಾರೆ, ಕೈಯಲ್ಲಿ ಕಾಸಿರುದಿಲ್ಲ. ಆಗ ಇದು ನೆನಪಾಗ್ಬೇಕು. ಗೊತ್ತೇ ಇಲ್ಲದಿದ್ದರೆ ಎಂತ ನೆನಪಾಗುದು?"

ಮೊದಲ ಸಲ ಬರೆದ ಭಾನುವಾರ ಮಕ್ಕಳು ಮುಖ ಸಿಂಡರಿಸಿದರಂತೆ. ಹಲಗೆ ಇನ್ನೂ ಬಾರದ ಹಿಂದಿನ ವಾರ ಅದನ್ನೇ ಎರಡೆರಡು ಸಲ ಹಾಕಿಸಿಕೊಂಡು ತಿಂದವರು, ಹಲಗೆ ಓದಿದ ಮೇಲೆ ಕಹಿ ಎಂದರು, ಹುಲ್ಲು ಎಂದರು. ಲೆಕ್ಕದ ಟೀಚರ್ ತಟ್ಟೆ ಸರಿಸಿ ಎದ್ದು ಹೋದರು. ಬಾಯಮ್ಮ ಮಕ್ಕಳ ಸಾಲಿನಲ್ಲೇ ಕೂತು ತಮ್ಮ ಪಾಲನ್ನು ಪೂರ್ತಿ ತಿಂದು, ಮರುವಾರ ಮತ್ತೆ ಅದನ್ನೇ ಮಾಡಿಸಿ, ಮತ್ತೆ ಹಲಗೆಯ ಮೇಲೆ ಬರೆಸಿದರು. ಮೂರನೆಯ ವಾರಕ್ಕೆ ಹಸಿವು ಗೆದ್ದಿತು. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಭಾನುವಾರದ ಮಾಂಸ ನಿಲ್ಲಿಸುವ ಮಾತೂ ನಿಂತಿತು. ಖರ್ಚು ಹೆಚ್ಚಿರಲಿಲ್ಲ, ಪ್ರತಿ ಮಗುವಿನ ತಟ್ಟೆಯಲ್ಲಿ ಅಂಗೈಯಗಲದ ಕಟ್ಲೆಟ್ ಇತ್ತು. ಆಡಳಿತದವರು ಏನು ಹೇಳಬೇಕು?

ಇನ್ನು ಆ ಶುಕ್ರವಾರದ ಕಥೆ. ಅರವತ್ತರ ದಶಕದ ನಡುವಿನ ಮಾತು, ಅಕ್ಕಿಗೆ ರೇಷನ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದ ಕಾಲ. ಈಸ್ಟರಿನ ಮುಂಚಿನ ಉಪವಾಸದ ದಿನಗಳು. ಆ ಶುಕ್ರವಾರಗಳಲ್ಲಿ ಕ್ರಿಶ್ಚಿಯನರು ಮಾಂಸ ಮುಟ್ಟುವುದಿಲ್ಲ, ಮುಟ್ಟಿದರೆ ಪಾಪ. ನಮ್ಮ ಅಂಗಡಿಗೂ ಆ ದಿನಗಳಲ್ಲಿ ವ್ಯಾಪಾರ ಕಡಿಮೆ. ಮಧ್ಯಾಹ್ನ ಜುಮಾ ನಮಾಜು ಮುಗಿಸಿ ಮಸೀದಿಯಿಂದ ಹೊರಗೆ ಬರುತ್ತಿದ್ದೇನೆ, ಬೋರ್ಡಿಂಗಿನ ಆಳು ಓಡಿ ಬಂದ. "ಫಾದರ್ ಕರೀತಾರೆ. ಈಗಲೇ ಬರಬೇಕಂತೆ. ಬಾಯಮ್ಮನ ಕೆಲಸ ಹೋಗ್ತದೆ ಕಾಣ್ತದೆ" ಎಂದ.

ದಾರಿಯಲ್ಲಿ ಅವನಿಂದ ವಿಷಯ ತಿಳಿಯಿತು. ಆವತ್ತು ಬಾಯಮ್ಮ ಮೊದಲ ಸಲ ಮಾಂಸವೇ ಇಲ್ಲದ ಕಟ್ಲೆಟ್ ಮಾಡಿಸಿದ್ದರು. ನುಗ್ಗೆಸೊಪ್ಪು, ಬೇಯಿಸಿ ಅರೆದ ಹುರುಳಿ, ಹಿಡಿದು ನಿಲ್ಲಲು ಬಾಳೆಕಾಯಿ. ಆದರೆ ಮಸಾಲೆ ಮಾತ್ರ ಭಾನುವಾರದ್ದೇ. ತೆಂಗಿನೆಣ್ಣೆಯಲ್ಲಿ ಕರಿಯುವಾಗ ಇಡೀ ಬೋರ್ಡಿಂಗಿಗೆ ಮಾಂಸದ ಪರಿಮಳ ಹೊಡೆಯಿತು. ಹಲಗೆಯ ಮೇಲೆ 'ಬರೀ ಸೊಪ್ಪು, ಮಾಂಸ ಇಲ್ಲ' ಎಂದು ಬರೆಸಿದ್ದರು. ಯಾರೂ ನಂಬಲಿಲ್ಲ. ಮಕ್ಕಳು ತಟ್ಟೆಯ ಮುಂದೆ ಕೈಕಟ್ಟಿ ಕೂತರು. ಲೆಕ್ಕದ ಟೀಚರ್ ನೇರವಾಗಿ ಹೋಗಿ ಫಾದರನ್ನು ಕರೆದುಕೊಂಡು ಬಂದರು: ಖರ್ಚು ಉಳಿಸುವ ಹುಚ್ಚಿನಲ್ಲಿ ಮೇಟ್ರನ್ ಉಳಿದ ಕೈಮವನ್ನು ಶುಕ್ರವಾರ ಮಕ್ಕಳಿಗೆ ತಿನ್ನಿಸುತ್ತಿದ್ದಾರೆ ಎಂದು. ಅದು ನಿಜವಾದರೆ ಬಾಯಮ್ಮ ಆ ಸಂಜೆಯೇ ಪೆಟ್ಟಿಗೆ ಕಟ್ಟಬೇಕಾಗಿತ್ತು. ಅವರು ಹೋದರೆ ಭಾನುವಾರದ ಕಟ್ಲೆಟ್ಟೂ ಅವರ ಹಿಂದೆಯೇ ಹೋಗುತ್ತಿತ್ತು.

ಅದಕ್ಕೆ ಮುಂಚೆ ನಾನು ಬೋರ್ಡಿಂಗಿನ ಗೇಟು ದಾಟಿದವನಲ್ಲ. ಉದ್ದದ ಊಟದ ಕೋಣೆ, ಎರಡು ಕಡೆ ಬೆಂಚು, ಸಾಲು ಸಾಲು ಜಡೆ. ಒಂದು ಮಗುವೂ ಪಿಟ್ಟೆನ್ನುತ್ತಿಲ್ಲ. ಕಟ್ಲೆಟ್ ಆರಿ ತಣ್ಣಗಾಗಿದೆ. ಬಾಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಮುಖದಲ್ಲಿ ಅಳುವೂ ಇಲ್ಲ, ಬೇಡಿಕೆಯೂ ಇಲ್ಲ.

ಫಾದರ್ ಒಳ್ಳೆಯ ಮನುಷ್ಯ. "ನಿನ್ನೆಯೋ ಇವತ್ತೋ ಇಲ್ಲಿಗೆ ಮಾಂಸ ಕೊಟ್ಟಿದ್ದೀಯಾ?" ಎಂದು ಕೇಳಿದರು.

"ಇಲ್ಲ ಫಾದರ್. ಹೋದ ಶನಿವಾರ ಕೊಟ್ಟದ್ದು. ಮತ್ತೆ ಇಲ್ಲ."

"ಊರಲ್ಲಿ ಬೇರೆ ಅಂಗಡಿ ಇಲ್ವಾ?" ಎಂದರು ಲೆಕ್ಕದ ಟೀಚರ್. "ಶನಿವಾರದ್ದೇ ಉಪ್ಪು ಹಾಕಿ ಇಟ್ಟಿರಬಹುದು. ನನಗೆ ಯಾರ ಮೇಲೂ ದ್ವೇಷ ಇಲ್ಲ ಫಾದರ್. ಮಕ್ಕಳ ಆತ್ಮದ ಪ್ರಶ್ನೆ ಇದು."

ಫಾದರ್ ಒಂದು ಕಟ್ಲೆಟ್ ಕೈಗೆತ್ತಿಕೊಂಡು ತಿರುಗಿಸಿ ನೋಡಿ ಮತ್ತೆ ಕೆಳಗಿಟ್ಟರು. ಆಗ ನನಗೆ ಅವರ ಇಕ್ಕಟ್ಟು ಅರ್ಥವಾಯಿತು. ತಿಂದು ನೋಡಿದರೆ ಗೊತ್ತಾಗುತ್ತದೆ. ಆದರೆ ಮಾಂಸ ಇದ್ದರೆ ತಿಂದವರಿಗೆ ಪಾಪ. ಆದ್ದರಿಂದ ಆ ಕೋಣೆಯಲ್ಲಿದ್ದ ಯಾರೂ ತಿಂದು ನೋಡುವಂತಿಲ್ಲ. ಅಡುಗೆಯವಳು ಆಣೆ ಹಾಕಿದಳು, ಆದರೆ ಅವಳು ಬಾಯಮ್ಮನ ಕೈಕೆಳಗಿನವಳು. ಇಡೀ ಬೋರ್ಡಿಂಗಿನಲ್ಲಿ ಶುಕ್ರವಾರದ ನಿಯಮ ಇಲ್ಲದ ನಾಲಿಗೆ ನನ್ನದೊಂದೇ. ಎಲ್ಲರೂ ನನ್ನನ್ನು ನೋಡುತ್ತಿದ್ದರು.

ನನಗೂ ಒಂದು ಇಕ್ಕಟ್ಟಿತ್ತು, ಅದು ಅವರಿಗೆ ಹೊಳೆದಿರಲಿಲ್ಲ. ಅದರಲ್ಲಿ ನನ್ನ ಅಂಗಡಿಯ ಮಾಂಸವಿಲ್ಲ ಎಂದು ನಾನೇ ಈಗಷ್ಟೇ ಹೇಳಿದ್ದೆ. ಬೇರೆಲ್ಲಿಯದೋ ಇದ್ದರೆ ಅದು ಹಲಾಲ್ ಹೌದೋ ಅಲ್ಲವೋ ಯಾರಿಗೆ ಗೊತ್ತು? ನಮಾಜು ಮುಗಿಸಿ ಬಂದ ಬಾಯಿ. ಟೀಚರ್ ಹೇಳಿದ್ದು ನಿಜವಾಗಿದ್ದರೆ ಅವರ ಪಾಪಕ್ಕೆ ಮುಂಚೆ ನನ್ನ ಪಾಪ.

ಬಾಯಮ್ಮನಿಗೆ ಅದು ಹೊಳೆದಿತ್ತು. ಬಾಗಿಲಿಂದಲೇ ಹೇಳಿದರು: "ನಿನಗೆ ಸಂಶಯ ಇದ್ದರೆ ತಿನ್ನಬೇಡ. ನನಗೋಸ್ಕರ ನಿನ್ನ ನಿಯಮ ಮುರಿಯುದು ಬೇಡ. ಇದು ನಿನ್ನ ತಲೆನೋವಲ್ಲ."

ತಿನ್ನು ಎಂದಿದ್ದರೆ ನಾನು ಹಿಂಜರಿಯುತ್ತಿದ್ದೆನೋ ಏನೋ. ಕೆಲಸ ಹೋಗುವ ಹೊತ್ತಿನಲ್ಲೂ ಬೇಡ ಎಂದರಲ್ಲ, ಆ ಮಾತು ನನ್ನ ಸಂಶಯವನ್ನು ತೆಗೆದುಹಾಕಿತು. ಅರ್ಧ ಮಾಂಸ ಕಾಲು ಮಾಂಸ ಎಂದು ಹಲಗೆಯ ಮೇಲೆ ಬರೆಸಿ ಬೈಗುಳ ತಿಂದ ಹೆಂಗಸು ಇವತ್ತು ಸುಳ್ಳು ಬರೆಸುತ್ತಾರೆಯೇ? ನಾನು 'ಬಿಸ್ಮಿಲ್ಲಾ' ಎಂದು ಒಂದು ಕಟ್ಲೆಟ್ ತೆಗೆದುಕೊಂಡೆ. ಅವಸರ ಮಾಡದೆ ಪೂರ್ತಿ ಜಗಿದು ತಿಂದೆ. ಮಕ್ಕಳ ಕಣ್ಣೆಲ್ಲ ನನ್ನ ದವಡೆಯ ಮೇಲೆ.

"ಫಾದರ್, ಮಾಂಸ ಇದ್ದರೆ, ಎಷ್ಟು ಸಣ್ಣ ಕೊಚ್ಚಿದರೂ ಹಲ್ಲಿನ ಸಂದಿಗೆ ಅದರ ನೂಲು ಸಿಗ್ಬೇಕು. ಇದರಲ್ಲಿ ಒಂದು ಎಳೆಯೂ ಇಲ್ಲ. ಸೊಪ್ಪು ಉಂಟು, ಹುರುಳಿ ಉಂಟು, ಬಾಳೆಕಾಯಿ ಉಂಟು. ಮಸಾಲೆ ಮಾತ್ರ ಮಾಂಸದ್ದು" ಎಂದೆ. ಸುಮ್ಮನಿರಲಾರದೆ, "ಉಪ್ಪು ಸ್ವಲ್ಪ ಕಡಿಮೆ" ಎಂದೂ ಸೇರಿಸಿದೆ.

ಹಿಂದಿನ ಸಾಲಿನಲ್ಲಿ ಯಾವುದೋ ಮಗು ಕಿಸಕ್ಕೆಂದಿತು. ಫಾದರ್ ನಕ್ಕು, ಶಿಲುಬೆಯ ಗುರುತು ಮಾಡಿ, ತಾವೂ ಒಂದನ್ನು ಎತ್ತಿಕೊಂಡು ಕಚ್ಚಿದರು. ಆಮೇಲೆ ಕೋಣೆಯಲ್ಲಿ ತಟ್ಟೆಗಳ ಸದ್ದಲ್ಲದೆ ಬೇರೆ ಕೇಳಿಸಲಿಲ್ಲ. ಲೆಕ್ಕದ ಟೀಚರ್ ನಿಂತೇ ಇದ್ದರು. "ನಾನು ಕೇಳಿದ್ದು ತಪ್ಪಲ್ಲ" ಎಂದರು, ಯಾರಿಗೆಂದಿಲ್ಲದೆ.

"ತಪ್ಪಲ್ಲ, ಕೇಳಬೇಕು. ಕೂತುಕೊಳ್ಳಿ, ತಣ್ಣಗಾಗಿದೆ, ಬಿಸಿ ಮಾಡಿ ತರ್ತೇನೆ" ಎಂದು ಬಾಯಮ್ಮ ಒಳಗೆ ಹೋದರು. ಟೀಚರ್ ಕೂತರು. ತಿಂದರೋ ಇಲ್ಲವೋ, ಅಷ್ಟು ಹೊತ್ತಿಗೆ ನಾನು ಹೊರಟಿದ್ದೆ.

ಮರುದಿನ ಶನಿವಾರ ಬಾಯಮ್ಮ ಎಂದಿನ ಹಾಗೆ ಸೊಪ್ಪಿನ ಗಂಟಿನೊಂದಿಗೆ ಬಂದರು. ಒಂದು ಉಪಕಾರದ ಮಾತಾದರೂ ಬರುತ್ತದೆಂದು ನಾನು ಕಾದಿದ್ದೆ. "ಅಷ್ಟು ಜನರ ಎದುರು ಉಪ್ಪು ಕಡಿಮೆ ಅಂತ ಹೇಳ್ಬೇಕಿತ್ತಾ ನಿನಗೆ?" ಎಂದರು. ಆದರೆ ಗಂಟನ್ನು ಕೊರಡಿನ ಮೇಲಿಡುವಾಗ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟರು. ಮುಂದಿನ ಎಲ್ಲ ವರ್ಷಗಳಲ್ಲಿ ಇನ್ನೊಮ್ಮೆ ಅವರು ಹಾಗೆ ಮಾಡಲಿಲ್ಲ.

ವಯಸ್ಸಾಯಿತೆಂದು ಅವರು ಬೋರ್ಡಿಂಗ್ ಬಿಟ್ಟು ಸುರತ್ಕಲ್ಲಿನಲ್ಲಿದ್ದ ತಮ್ಮನ ಮನೆಗೆ ಹೋದರು. ಅವರ ಜಾಗಕ್ಕೆ ಬಂದವರು ಲೆಕ್ಕದ ಟೀಚರೇ. ಆ ಶನಿವಾರ ಆಳು ಬಂದು ಹೇಳಿದ: "ಎರಡು ಪೊಟ್ಟಣ. ಮೊದಲಿನ ಹಾಗೆ. ಸೊಪ್ಪಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಈ ಅಂಗಡಿಯಲ್ಲಿ ಬೋರ್ಡಿಂಗಿಗೆ ಎರಡು ಪೊಟ್ಟಣ ಕಟ್ಟುದಿಲ್ಲ ಅಂತ ಹೇಳು" ಎಂದು ಬರಿಗೈಯಲ್ಲಿ ಕಳಿಸಿದೆ. ಅವರು ಬೇರೆ ಅಂಗಡಿಗೆ ಹೋದರು. ದೊಡ್ಡ ಗಿರಾಕಿ ಹೋಯಿತು. ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು, ಇಲ್ಲದಿದ್ದರೆ ಏನೆನ್ನುತ್ತಿದ್ದರೋ. ನನಗಂತೂ ದೊಡ್ಡ ಕೆಲಸ ಮಾಡಿದ ಹೆಮ್ಮೆ. ಬಾಯಮ್ಮನಿಗೆ ಗೊತ್ತಾದರೆ ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ.

ಗೊತ್ತಾಯಿತು. ಬಸ್ಸು ಹತ್ತಿ ಬಂದರು. ಬಹಳ ಇಳಿದಿದ್ದರು, ಕೈಯಲ್ಲಿ ಕೊಡೆಯನ್ನು ಕೋಲಿನ ಹಾಗೆ ಊರಿಕೊಂಡಿದ್ದರು. ತಂದೆ ಕೂರುತ್ತಿದ್ದ ಬೆಂಚಿನ ಮೇಲೆ ಕೂತು ಉಸಿರು ತೆಗೆದುಕೊಂಡು ಶುರು ಮಾಡಿದರು.

"ನೀನು ಕೊಡುದಿಲ್ಲ ಅಂದದ್ದರಿಂದ ಮಕ್ಕಳಿಗೆ ಎಂತ ಸಿಕ್ಕಿತು?"

ನಾನು ತಕ್ಕಡಿಯ ತಟ್ಟೆ ಒರೆಸತೊಡಗಿದೆ.

"ಆ ಅಂಗಡಿಯವನೂ ಎರಡು ಪೊಟ್ಟಣ ಕಟ್ತಾನೆ. ಅವನ ಮೂಳೆಯಲ್ಲಿ ಮಾಂಸವೂ ಇಲ್ಲ. ನಿನ್ನದಾದರೆ ಸ್ವಲ್ಪವಾದರೂ ಇರ್ತಿತ್ತು. ಸಿಟ್ಟು ಮಾಡಿ ಮನೆಯಲ್ಲಿ ಕೂರುದು ಸುಲಭ ಮಾರಾಯ. ನಾನು ಸಿಟ್ಟು ಮಾಡಿದ್ದರೆ ಮೊದಲ ವಾರವೇ ಬಿಟ್ಟು ಹೋಗ್ಬೇಕಿತ್ತು. ಹೋಗು, ಮತ್ತೆ ಕೊಡು. ಟೀಚರ್ ಒಂದು ದಿನ ನೋಡ್ತಾರೆ. ಮಕ್ಕಳ ಎದುರೇ ಇರುವವರು, ನೋಡದೆ ಎಲ್ಲಿಗೆ ಹೋಗ್ತಾರೆ?"

ಹೋಗುವ ಮುಂಚೆ ಅಭ್ಯಾಸದಂತೆ ನನ್ನ ರೆಪ್ಪೆ ಎಳೆದು ನೋಡಿ, "ಪರವಾಗಿಲ್ಲ" ಎಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಸೋಮವಾರ ನಾನೇ ಬೋರ್ಡಿಂಗಿಗೆ ಹೋಗಿ ಮತ್ತೆ ಮಾಂಸ ಕೊಡುತ್ತೇನೆಂದು ಹೇಳಿ ಬಂದೆ. ನಾಚಿಕೆಯಾಯಿತು, ಆದರೂ ಹೇಳಿದೆ. ಅಲ್ಲಿಂದ ಮುಂದೆ ಎರಡು ವರ್ಷ ಎರಡು ಪೊಟ್ಟಣ ಕಟ್ಟಿದೆ. ದೊಡ್ಡ ಪೊಟ್ಟಣಕ್ಕೆ ತೊಡೆಯ ಒಂದು ತುಂಡು ನನ್ನ ಲೆಕ್ಕದಲ್ಲಿ ಹಾಕುತ್ತಿದ್ದೆ. ಕದ್ದು ಹಾಕಲಿಲ್ಲ, ಪ್ರತಿ ಸಲವೂ, "ಮಕ್ಕಳ ಪೊಟ್ಟಣಕ್ಕೆ ಒಂದು ತುಂಡು ಜಾಸ್ತಿ ಹಾಕಿದ್ದೇನೆ ಅಂತ ಟೀಚರಿಗೆ ಹೇಳು" ಎಂದು ಆಳಿಗೆ ಹೇಳಿಯೇ ಕಳಿಸುತ್ತಿದ್ದೆ. ಅಲ್ಲಿಂದ ಯಾವ ಉತ್ತರವೂ ಬರಲಿಲ್ಲ.

ಕಳೆದ ತಿಂಗಳು ಸುದ್ದಿ ಬಂದ ಶನಿವಾರ ಸಂಜೆ ಕೊರಡಿನ ಮುಂದೆ ನಿಂತಿದ್ದೆ ಎಂದೆನಲ್ಲ. ಆಳು ಬರುವ ಹೊತ್ತು. ಎರಡು ಪೊಟ್ಟಣಕ್ಕೆ ತೇಗದ ಎಲೆ ಹಾಸಿಟ್ಟಿದ್ದೆ. ತಲೆಯೆತ್ತಿದರೆ ಲೆಕ್ಕದ ಟೀಚರ್ ನಿಂತಿದ್ದಾರೆ. ನಮ್ಮ ಅಂಗಡಿಗೆ ಅವರು ಬಂದದ್ದು ಅದೇ ಮೊದಲು. ಮಾಂಸದ ವಾಸನೆಗೆ ಮೂಗು ಮುಚ್ಚಿಕೊಳ್ಳದಿರಲು ಕಷ್ಟಪಡುತ್ತಿದ್ದರು.

"ಬಾಯಮ್ಮ ತೀರಿಕೊಂಡರು, ಗುರುವಾರ" ಎಂದರು. "ನಿನ್ನೆ ಮಣ್ಣು ಮಾಡಿದರು. ಹೋಗಿ ಬಂದೆ. ನಿನಗೆ ಯಾರೂ ಹೇಳಿರ್ಲಿಕ್ಕಿಲ್ಲ ಅಂತ ನಾನೇ ಬಂದೆ."

ನಾನು ಕತ್ತಿ ಕೆಳಗಿಟ್ಟೆ. ನನ್ನ ಕಣ್ಣು ತುಂಬಿದ್ದನ್ನು ಅವರು ನೋಡಿದರು, ಅವರದ್ದನ್ನು ನಾನು ನೋಡಿದೆ.

"ಇವತ್ತು ಬೆಳಿಗ್ಗೆ ಮಕ್ಕಳನ್ನೆಲ್ಲ ನಿಲ್ಲಿಸಿ ನೋಡಿದೆ" ಎಂದರು ಟೀಚರ್. ಹೇಳುತ್ತಾ ತಮಗೇ ಗೊತ್ತಿಲ್ಲದ ಹಾಗೆ ಹೆಬ್ಬೆರಳಿನಿಂದ ತಮ್ಮದೇ ಕಣ್ಣಿನ ಕೆಳರೆಪ್ಪೆಯನ್ನು ಮುಟ್ಟಿಕೊಂಡರು. "ಬೆಳ್ಳಗೆ ಉಂಟು."

ಆಮೇಲೆ ಚೀಲಕ್ಕೆ ಕೈಹಾಕಿ ಒಂದು ಒದ್ದೆ ಗಂಟು ತೆಗೆದು ಕೊರಡಿನ ಮೇಲಿಟ್ಟರು. ಬಿಚ್ಚಿದೆ. ನುಗ್ಗೆಸೊಪ್ಪು, ಕುದಿ ಬರಿಸಿ ಹಿಂಡಿದ್ದು. ಅಭ್ಯಾಸವಿಲ್ಲದ ಕೈ, ನೀರು ಸರಿಯಾಗಿ ಹಿಂಡಿರಲಿಲ್ಲ. ನಾನು ಹಾಸಿಟ್ಟಿದ್ದ ಎರಡು ಎಲೆಗಳ ಕಡೆ ನೋಡಿ ಅವರು ಒಂದನ್ನು ಪಕ್ಕಕ್ಕೆ ಸರಿಸಿದರು.

"ಒಂದೇ ಪೊಟ್ಟಣ ಸಾಕು" ಎಂದರು.

ನಾನು ಸೊಪ್ಪನ್ನು ಇನ್ನೊಮ್ಮೆ ಹಿಂಡಿ, ಮಾಂಸದ ಜೊತೆ ಸೇರಿಸಿ ಕೊಚ್ಚತೊಡಗಿದೆ. ಟೀಚರ್ ಹತ್ತಿರ ಬಂದು ಕತ್ತಿಯ ಮೇಲೆಯೇ ಕಣ್ಣಿಟ್ಟು ನಿಂತರು. ಸ್ವಲ್ಪ ಹೊತ್ತು ನೋಡಿ, "ಇನ್ನೂ ಸಣ್ಣ ಆಗ್ಬೇಕು" ಎಂದರು.